ಕನ್ನಡಿಯ ಅಕ್ಷರ, ಚಿತ್ರದ ಸತ್ಯ: ಸೆಲ್ಫಿಯಲ್ಲಿ ಮಗುಚಿದ ಬರಹವನ್ನು ಪರೀಕ್ಷಿಸುವ ಬಗೆ

"ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು" ಎಂಬುದು ಕನ್ನಡ ನಾಡಿನ ಹಿರಿಯರು ಕಿರಿಯರಿಗೆ ಬಿಟ್ಟುಹೋದ ವಿವೇಕ. ಕಣ್ಣಿಗೆ ಕಂಡುದೆಲ್ಲವೂ ಕಂಡಂತೆಯೇ ಇರಬೇಕೆಂಬ ನಿಯಮವಿಲ್ಲ. ಹಾಗೆಯೇ ವಿಚಿತ್ರವಾಗಿ ಕಂಡುದೆಲ್ಲವೂ ಸುಳ್ಳಾಗಿರಬೇಕೆಂಬ ನಿಯಮವೂ ಇಲ್ಲ. ಈ ಎರಡನೆಯ ಮಾತು ಇಂದಿನ ಕಾಲದಲ್ಲಿ ವಿಶೇಷವಾಗಿ ನೆನಪಿಡತಕ್ಕದ್ದು. ಒಂದು ಕಾಲಕ್ಕೆ ಊರಿಗೊಂದು ಕ್ಯಾಮೆರಾ ಇದ್ದರೆ ಅದೇ ದೊಡ್ಡದು. ಇಂದಾದರೋ ಪ್ರತಿ ಮನೆಯಲ್ಲಿಯೂ ಮೊಬೈಲ್ ಇದೆ. ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಸೆಲ್ಫಿಯ ಅಭ್ಯಾಸ ಆಬಾಲವೃದ್ಧರಿಗೂ ಬಂದಿದೆ. ಚಿತ್ರಗಳು ಹೆಚ್ಚಿದಂತೆ ಚಿತ್ರಗಳನ್ನು ಕುರಿತ ಜಗಳಗಳೂ ಹೆಚ್ಚಿವೆ. ಆ ಜಗಳಗಳಲ್ಲಿ ಮತ್ತೆಮತ್ತೆ ಕೇಳಿಬರುವ ಒಂದು ಪ್ರಶ್ನೆ ಇಲ್ಲಿಯ ವಿಚಾರವಸ್ತು: ಚಿತ್ರದಲ್ಲಿನ ಬರಹ ಎಡಬಲ ಮಗುಚಿ ಕಂಡರೆ ಆ ಚಿತ್ರ ಅಸಲೋ, ತಿದ್ದಿದ್ದೋ?

ಕೊಡಗಿನ ಹಾರಂಗಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕೂಡಿಗೆಯಲ್ಲಿ ಕಾವೇರಿಯನ್ನು ಸೇರುವ ಹಾರಂಗಿ ನದಿಗೆ ಕುಶಾಲನಗರದ ಸಮೀಪ ಕಟ್ಟಿದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ 2859 ಅಡಿ. ಮಳೆಗಾಲದಲ್ಲಿ ನೀರು ಈ ಮಟ್ಟವನ್ನು ಸಮೀಪಿಸಿದಾಗ ನೋಡಲು ಬರುವವರು ಅನೇಕರು. ಬಂದವರಲ್ಲಿ ಸೆಲ್ಫಿ ತೆಗೆಯದೆ ಹಿಂದಿರುಗುವವರು ವಿರಳ. ಶಾಲೆಯ ಸಮವಸ್ತ್ರ ತೊಟ್ಟ ಒಬ್ಬ ವಿದ್ಯಾರ್ಥಿ "ಹಾರಂಗಿ ಅಣೆಕಟ್ಟು" ಎಂದು ಬರೆದ ಒಂದು ಫಲಕದ ಮುಂದೆ ನಿಂತು ತೆಗೆದುಕೊಂಡ ಚಿತ್ರವೊಂದಿದೆ ಎಂದು ಭಾವಿಸೋಣ. ಫಲಕದ ಅಕ್ಷರಗಳು ಹಿಂದುಮುಂದಾಗಿವೆ. ಒಬ್ಬರು, "ಇದು ಕೃತಕ ಚಿತ್ರ, ಹುಡುಗ ಅಲ್ಲಿಗೆ ಹೋಗಿಯೇ ಇಲ್ಲ" ಎನ್ನುತ್ತಾರೆ. ಮತ್ತೊಬ್ಬರು, "ಸೆಲ್ಫಿಯಲ್ಲಿ ಹಾಗೆಯೇ ಬರುವುದು" ಎನ್ನುತ್ತಾರೆ. ಹುಡುಗನ ಮಾತು ನಿಜವೋ ಸುಳ್ಳೋ ಎಂಬುದು ಈ ತೀರ್ಪನ್ನು ಅವಲಂಬಿಸಿದ್ದರೆ, ಊಹೆಯಿಂದ ತೀರ್ಮಾನಿಸುವುದು ನ್ಯಾಯವಲ್ಲ.

ಕನ್ನಡಿ ಮಾಡುವುದೇನು?

ಕನ್ನಡಿಯು ಎಡವನ್ನು ಬಲವನ್ನಾಗಿಯೂ ಬಲವನ್ನು ಎಡವನ್ನಾಗಿಯೂ ಮಾಡುತ್ತದೆಂಬುದು ಸಾಮಾನ್ಯ ನಂಬಿಕೆ. ಹಾಗಾದರೆ ಅದು ತಲೆಯನ್ನು ಕೆಳಗೂ ಕಾಲನ್ನು ಮೇಲೂ ಏಕೆ ಮಾಡುವುದಿಲ್ಲ? ವಾಸ್ತವದಲ್ಲಿ ಕನ್ನಡಿಯು ಎಡಬಲಗಳನ್ನಾಗಲಿ ಮೇಲುಕೆಳಗುಗಳನ್ನಾಗಲಿ ಬದಲಿಸುವುದಿಲ್ಲ. ತನ್ನ ಮೈಗೆ ಲಂಬವಾದ ದಿಕ್ಕನ್ನು, ಎಂದರೆ ಮುಂದು-ಹಿಂದನ್ನು ಮಾತ್ರ ಅದು ಮಗುಚುತ್ತದೆ. ಎಡಗೈ ಎತ್ತಿದರೆ ಕನ್ನಡಿಯಲ್ಲಿಯೂ ಎಡಬದಿಯ ಕೈಯೇ ಮೇಲೇಳುತ್ತದೆ. ಆ ಬಿಂಬವನ್ನು ಎದುರಿಗೆ ನಿಂತ ಇನ್ನೊಬ್ಬ ವ್ಯಕ್ತಿಯೆಂದು ಮನಸ್ಸು ಭಾವಿಸುವುದರಿಂದ ಅದು ಅವನ ಬಲಗೈ ಎಂದು ತೋರುತ್ತದೆ.

ಹಾಗಿದ್ದರೂ ಬರಹ ಮಗುಚುವುದೇಕೆ? ಪುಸ್ತಕವನ್ನು ಕನ್ನಡಿಗೆ ತೋರಿಸಲು ಅದನ್ನು ಎಡದಿಂದ ಬಲಕ್ಕೆ ತಿರುಗಿಸಿ ಹಿಡಿಯಬೇಕಾಗುತ್ತದೆ; ಮಗುಚಿದ್ದು ಆ ತಿರುಗಿಸುವಿಕೆ. ತರಗತಿಯಲ್ಲಿ ಇದನ್ನು ಸುಲಭವಾಗಿ ತೋರಿಸಬಹುದು. ಪಾರದರ್ಶಕ ಹಾಳೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಒಂದು ಪದ ಬರೆದು, ತನಗೆ ಸರಿಯಾಗಿ ಓದಿಸುವಂತೆಯೇ ಹಿಡಿದು ಕನ್ನಡಿಯ ಎದುರು ನಿಂತರೆ, ಕನ್ನಡಿಯಲ್ಲಿಯೂ ಆ ಪದ ಸರಿಯಾಗಿಯೇ ಓದಿಸುತ್ತದೆ.

ಹಾರಂಗಿಯ ನಿಶ್ಚಲ ಜಲವೂ ಒಂದು ಕನ್ನಡಿಯೇ. ಆದರೆ ಅದು ಮಲಗಿದ ಕನ್ನಡಿ. ನೀರಂಚಿನ ಫಲಕದ ಬಿಂಬದಲ್ಲಿ ಅಕ್ಷರಗಳು ತಲೆಕೆಳಗಾಗುತ್ತವೆಯೇ ಹೊರತು ಅವುಗಳ ಎಡಬಲ ಕ್ರಮ ಕೆಡುವುದಿಲ್ಲ. ಆ ಬಿಂಬದ ಚಿತ್ರವನ್ನು ತಲೆಕೆಳಗು ಮಾಡಿ ಹಿಡಿದರೆ ಗೋಡೆಯ ಕನ್ನಡಿಯಲ್ಲಿ ಕಾಣುವಂತಹ ಬರಹವೇ ದೊರೆಯುತ್ತದೆ. ನಿಂತ ಕನ್ನಡಿಗೂ ಮಲಗಿದ ನೀರಿಗೂ ನಿಯಮ ಒಂದೇ.

ಮೊಬೈಲಿನ ಮುಂಗಣ್ಣು

ಕ್ಯಾಮೆರಾ ಕನ್ನಡಿಯಲ್ಲ. ಮೊಬೈಲಿನ ಮುಂಭಾಗದ ಕ್ಯಾಮೆರಾ ಎದುರಿಗೆ ನಿಂತ ಇನ್ನೊಬ್ಬ ಮನುಷ್ಯ ನೋಡುವಂತೆಯೇ ನೋಡುತ್ತದೆ. ಅದಕ್ಕೆ ಬರಹ ನೇರವಾಗಿಯೇ ಕಾಣುತ್ತದೆ. ಆದರೆ ಬೇಲೂರಿನ ದರ್ಪಣಸುಂದರಿಯ ಕಾಲದಿಂದಲೂ ಮನುಷ್ಯನಿಗೆ ತನ್ನ ಮುಖವನ್ನು ಕನ್ನಡಿಯಲ್ಲಿ ಕಂಡೇ ರೂಢಿ. ತೆರೆಯ ಮೇಲೆ ಮುಖ ನೇರವಾಗಿ ಕಂಡರೆ, ಕೂದಲು ಸರಿಪಡಿಸಲು ಎತ್ತಿದ ಕೈ ಅನ್ಯದಿಕ್ಕಿಗೆ ಹೋದಂತೆ ತೋರಿ ಗಲಿಬಿಲಿಯಾಗುತ್ತದೆ. ಆದಕಾರಣ ಮೊಬೈಲಿನ ತಂತ್ರಾಂಶವು ಚಿತ್ರ ತೆಗೆಯುವ ಮುನ್ನ ತೆರೆಯ ಮೇಲೆ ತೋರಿಸುವ ನೋಟವನ್ನು ಬೇಕೆಂದೇ ಮಗುಚುತ್ತದೆ.

ಗುಂಡಿಯನ್ನು ಒತ್ತಿದ ಬಳಿಕ ಉಳಿಯುವ ಚಿತ್ರ ಯಾವ ರೀತಿಯದು ಎಂಬುದು ಆಯಾ ಮೊಬೈಲಿನ ಏರ್ಪಾಟಿಗೆ ಸೇರಿದ್ದು. ಕೆಲವು ಮೊಬೈಲುಗಳು ಚಿತ್ರವನ್ನು ನೇರಮಾಡಿ ಉಳಿಸುತ್ತವೆ. ಕೆಲವು ತೆರೆಯಲ್ಲಿ ಕಂಡಂತೆ ಮಗುಚಿಯೇ ಉಳಿಸುತ್ತವೆ. ಆಪಲ್ ಸಂಸ್ಥೆಯ ಐಫೋನುಗಳಲ್ಲಿ "ಮಿರರ್ ಫ್ರಂಟ್ ಕ್ಯಾಮೆರಾ" ಎಂಬ ಆಯ್ಕೆಯಿದೆ. ಇತರ ಅನೇಕ ಮೊಬೈಲುಗಳಲ್ಲಿಯೂ ಬೇರೆ ಹೆಸರಿನಲ್ಲಿ ಇದೇ ಸೌಲಭ್ಯವಿದೆ. ಅದು ಚಾಲನೆಯಲ್ಲಿರುವುದು ಎಷ್ಟೋ ವೇಳೆ ಮೊಬೈಲಿನ ಒಡೆಯನಿಗೇ ತಿಳಿದಿರುವುದಿಲ್ಲ. ಆದುದರಿಂದ ಇಡೀ ಚಿತ್ರದ ಬರಹ ಮಗುಚಿದ್ದರೆ ಅದು ತಿದ್ದುಪಡಿಗೆ ಸಾಕ್ಷಿಯಾಗದು. ಅದೇ ಮೊಬೈಲಿನಿಂದ, ಅದೇ ಏರ್ಪಾಟಿನಲ್ಲಿ ಒಂದು ವೃತ್ತಪತ್ರಿಕೆಯನ್ನು ಹಿಡಿದು ಸೆಲ್ಫಿ ತೆಗೆದರೆ ಅದರ ಸ್ವಭಾವ ಗೊತ್ತಾಗುತ್ತದೆ. ಆದರೆ ಏರ್ಪಾಟನ್ನು ಆಮೇಲೆ ಬದಲಿಸಿರುವ ಸಾಧ್ಯತೆಯನ್ನು ಮರೆಯಬಾರದು.

ಒಂದೇ ಚಿತ್ರದಲ್ಲಿ ಎರಡು ಬಗೆಯ ಬರಹ

ಒಂದೇ ಚಿತ್ರದಲ್ಲಿ ಕೆಲವು ಅಕ್ಷರಗಳು ನೇರವಾಗಿಯೂ ಕೆಲವು ಮಗುಚಿಯೂ ಕಂಡಾಗ ಸಂಶಯ ಮೂಡುವುದು ಸಹಜ. ಅದಕ್ಕೂ ನಿರ್ದೋಷವಾದ ಕಾರಣಗಳು ಇರಬಲ್ಲವು. ಗೋಡೆಯ ಕನ್ನಡಿಯ ಮುಂದೆ ನಿಂತು ಹಿಂಬದಿಯ ಕ್ಯಾಮೆರಾದಿಂದ ತೆಗೆದ ಚಿತ್ರದಲ್ಲಿ ಕನ್ನಡಿಯೊಳಗಿನ ಅಂಗಿಯ ಬರಹ ಮಗುಚಿರುತ್ತದೆ. ಕನ್ನಡಿಯ ಚೌಕಟ್ಟಿನ ಹೊರಗೆ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಬರಹ ನೇರವಾಗಿರುತ್ತದೆ. ಕ್ಷೌರದ ಅಂಗಡಿಯಲ್ಲಿ ಎದುರುಬದುರಾಗಿ ಕನ್ನಡಿಗಳಿದ್ದರೆ ಒಂದು ಬಿಂಬದಲ್ಲಿ ಬರಹ ಮಗುಚಿ, ಆ ಬಿಂಬದ ಬಿಂಬದಲ್ಲಿ ಮತ್ತೆ ನೇರವಾಗುತ್ತದೆ.

ಕನ್ನಡಿಯ ಸಂಬಂಧವೇ ಇಲ್ಲದ ಮಗುಚು ಬರಹವೂ ಉಂಟು. ಗಾಜಿನ ಬಾಗಿಲಿನ ಹೊರಮೈಗೆ ಬರೆದ ಹೆಸರು ಒಳಗಿನಿಂದ ಹಿಂದುಮುಂದಾಗಿ ಕಾಣುತ್ತದೆ. ಜಾತ್ರೆಯ ಬಟ್ಟೆಯ ಫಲಕವನ್ನು ಬಿಸಿಲಿಗೆ ಎದುರಾಗಿ ಹಿಂಬದಿಯಿಂದ ನೋಡಿದರೂ ಹಾಗೆಯೇ. ಆಂಬುಲೆನ್ಸ್ ವಾಹನದ ಮುಂಭಾಗದಲ್ಲಿ ಹೆಸರನ್ನು ಮಗುಚಿಯೇ ಬರೆಯುವುದುಂಟು. ಮುಂದೆ ಹೋಗುತ್ತಿರುವ ವಾಹನದ ಚಾಲಕನ ಕನ್ನಡಿಯಲ್ಲಿ ಅದು ನೇರವಾಗಿ ಓದಿಸಬೇಕೆಂಬುದು ಅದರ ಉದ್ದೇಶ. ಹಳೆಯ ಮುದ್ರಣಾಲಯಗಳನ್ನು ಕಂಡವರಿಗೆ ಈ ವಿಷಯ ಹೊಸದಲ್ಲ. ಅಚ್ಚಿನ ಮೊಳೆಗಳಲ್ಲಿ ಅಕ್ಷರಗಳು ಮಗುಚಿಯೇ ಇರುತ್ತಿದ್ದವು. ಮೊಳೆ ಜೋಡಿಸುವವರು ಅವನ್ನು ಸಲೀಸಾಗಿ ಓದಬಲ್ಲವರಾಗಿದ್ದರು. ಕಚೇರಿಯ ರಬ್ಬರ್ ಮೊಹರಿನ ಮೈಮೇಲಿನ ಅಕ್ಷರವೂ ಅಂತಹುದೇ.

ಇವೆಲ್ಲದರ ಸಾರ ಇಷ್ಟು: ಮಗುಚಿದ ಬರಹ ಕಂಡಾಗ "ಏಕೆ ಮಗುಚಿತು?" ಎಂದು ಕೇಳಿ, ಬೆಳಕು ಬಂದ ಹಾದಿಯನ್ನು ಹುಡುಕಬೇಕು. ಕನ್ನಡಿಯೋ ಗಾಜೋ ಮೊಬೈಲಿನ ಏರ್ಪಾಟೋ ಆ ಬರಹವನ್ನು ವಿವರಿಸಬಲ್ಲುದಾದರೆ ಸಂಶಯಕ್ಕೆ ಆಧಾರವಿಲ್ಲ. ಯಾವ ಹಾದಿಯೂ ವಿವರಿಸಲಾರದೆಂದಾಗ ಮಾತ್ರ ಸಂಶಯ ಆರಂಭವಾಗಬೇಕು.

ಕನ್ನಡ ಲಿಪಿಯ ಸಾಕ್ಷ್ಯ

ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಎ, ಎಚ್, ಐ, ಎಂ, ಓ, ಟಿ, ಯು, ವಿ, ಡಬ್ಲ್ಯು, ಎಕ್ಸ್, ವೈ ಎಂಬಿವು ಮಗುಚಿದರೂ ಹಾಗೆಯೇ ಉಳಿಯುತ್ತವೆ. ಚಿಕ್ಕಕ್ಷರಗಳಲ್ಲಿ ಬಿ ಮಗುಚಿದರೆ ಡಿಯಂತೆಯೂ ಪಿ ಮಗುಚಿದರೆ ಕ್ಯುವಿನಂತೆಯೂ ತೋರುತ್ತದೆ. ಆದಕಾರಣ ಚಿಕ್ಕ ಇಂಗ್ಲಿಷ್ ಪದವೊಂದನ್ನೇ ನಂಬಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಕನ್ನಡ ಲಿಪಿ ಈ ವಿಷಯದಲ್ಲಿ ಹೆಚ್ಚು ಸ್ಪಷ್ಟವಾದ ಸಾಕ್ಷಿ. ಅನುಸ್ವಾರದ ಸೊನ್ನೆಯಂತಹ ಕೆಲವನ್ನು ಬಿಟ್ಟರೆ ಅದರ ಅಕ್ಷರಗಳಿಗೂ ಗುಣಿತ ಚಿಹ್ನೆಗಳಿಗೂ ಎಡಬಲಗಳ ಭೇದ ಎದ್ದು ಕಾಣುವಂತಿದೆ.

"ಹಾರಂಗಿ ಅಣೆಕಟ್ಟು" ಎಂಬ ಬರಹವನ್ನೇ ಪರಿಶೀಲಿಸಬಹುದು. ನಿಜವಾದ ಕನ್ನಡಿ ಬಿಂಬದಲ್ಲಿ ಮೂರು ಸಂಗತಿಗಳು ಏಕಕಾಲಕ್ಕೆ ಘಟಿಸಬೇಕು. ಮೊದಲನೆಯದಾಗಿ, ಅಕ್ಷರಗಳ ಸಾಲು ಹಿಂದುಮುಂದಾಗಿ "ಹಾ" ಬಲತುದಿಗೆ ಸರಿಯಬೇಕು. ಎರಡನೆಯದಾಗಿ, ಪ್ರತಿಯೊಂದು ಅಕ್ಷರದ ಆಕಾರವೂ ಮಗುಚಬೇಕು. ಬಲಕ್ಕೆ ಚಾಚಿದ ದೀರ್ಘ ಎಡಕ್ಕೆ ಚಾಚಬೇಕು. ಮೂರನೆಯದಾಗಿ, ಮೇಲುಕೆಳಗುಗಳು ಬದಲಾಗಬಾರದು. "ಟ್ಟು" ಎಂಬಲ್ಲಿನ ಒತ್ತಕ್ಷರ ಬಲಗೆಳಗಿನಿಂದ ಎಡಗೆಳಕ್ಕೆ ಬರಬೇಕೇ ಹೊರತು ಮೇಲಕ್ಕೆ ಏರಕೂಡದು. ಸಾಲು ಮಾತ್ರ ಹಿಂದುಮುಂದಾಗಿ ಅಕ್ಷರಗಳ ಆಕಾರ ನೇರವಾಗಿಯೇ ಉಳಿದಿದ್ದರೆ, ಅಥವಾ ಆಕಾರ ಮಗುಚಿ ಸಾಲು ಮೊದಲಿನಂತೆಯೇ ಇದ್ದರೆ, ಅದು ಕನ್ನಡಿಯ ಕೆಲಸವಲ್ಲ; ಕೈಯ ಕೆಲಸ.

ಬರಹದ ಹೊರಗಿನ ಸಾಕ್ಷಿಗಳು

ಬರಹವೊಂದೇ ಸಾಕ್ಷಿಯಲ್ಲ. ಎಡಬಲಗಳ ಭೇದವುಳ್ಳ ಪ್ರತಿಯೊಂದು ವಸ್ತುವೂ ಸಾಕ್ಷಿಯೇ. ಅಂಗಿಯ ಜೇಬು ಸಾಮಾನ್ಯವಾಗಿ ತೊಟ್ಟವನ ಎಡ ಎದೆಯ ಮೇಲಿರುತ್ತದೆ. ನೇರ ಚಿತ್ರದಲ್ಲಿ ಅದು ನೋಡುವವನ ಬಲಕ್ಕೂ ಮಗುಚಿದ ಚಿತ್ರದಲ್ಲಿ ಎಡಕ್ಕೂ ಕಾಣುತ್ತದೆ. ಭಾರತದ ಕಾರಿನಲ್ಲಿ ಚಾಲಕನ ಚಕ್ರ ಬಲಗಡೆಗಿದೆ. ಹತ್ತು ಗಂಟೆ ಹತ್ತು ನಿಮಿಷ ತೋರುವ ಮುಳ್ಳಿನ ಗಡಿಯಾರ ಮಗುಚಿದರೆ ಒಂದು ಗಂಟೆ ಐವತ್ತು ನಿಮಿಷದಂತೆ ಕಾಣುತ್ತದೆ. ಹಣೆಯ ಮೇಲಿನ ವಿಭೂತಿಯ ಮೂರು ಅಡ್ಡಗೆರೆಗಳಾಗಲಿ ಕೊರಳ ರುದ್ರಾಕ್ಷಿಯಾಗಲಿ ಎರಡು ಕಡೆಗೂ ಸಮನಾಗಿರುವುದರಿಂದ ಈ ವಿಷಯದಲ್ಲಿ ಏನನ್ನೂ ಹೇಳಲಾರವು.

ಅಮೆರಿಕದ ಬಿಲ್ಲಿ ದಿ ಕಿಡ್ ಎಂಬ ದರೋಡೆಕಾರನ ಚಿತ್ರ ಈ ಬಗೆಯ ಸಾಕ್ಷ್ಯಕ್ಕೆ ಪ್ರಸಿದ್ಧ ಉದಾಹರಣೆ. ಸುಮಾರು 1880ರಲ್ಲಿ ಲೋಹದ ತಗಡಿನ ಮೇಲೆ ತೆಗೆದ ಆ ಚಿತ್ರದಲ್ಲಿ ಪಿಸ್ತೂಲು ಎಡ ಸೊಂಟದಲ್ಲಿ ಇದ್ದಂತೆ ಕಾಣುವುದರಿಂದ ಅವನು ಎಡಚನೆಂದು ಬಹುಕಾಲ ನಂಬಲಾಯಿತು. 1958ರಲ್ಲಿ ಅವನ ಮೇಲೆ ಬಂದ ಚಲನಚಿತ್ರಕ್ಕೂ ಎಡಗೈಯ ಹೆಸರೇ ದೊರೆಯಿತು. ಆದರೆ ತಗಡಿನ ಮೇಲಿನ ಚಿತ್ರಗಳು ಸ್ವಭಾವತಃ ಮಗುಚಿರುತ್ತವೆ. ಅವನ ಕೈಯಲ್ಲಿರುವ ವಿಂಚೆಸ್ಟರ್ ಕೋವಿಗೆ ಗುಂಡು ತುಂಬುವ ಬಾಯಿ ಇರುವುದು ಬಲಮೈಯಲ್ಲಿ. ಚಿತ್ರದಲ್ಲಿ ಅದು ಎಡಮೈಯಲ್ಲಿದೆ. ಚಿತ್ರವನ್ನು ಯಾರೂ ತಿದ್ದಿರಲಿಲ್ಲ. ಓದುವ ಬಗೆಯಲ್ಲಿ ತಪ್ಪಿತ್ತು.

ಸಾಕ್ಷಿಯನ್ನು ಬಳಸುವಾಗ ಸ್ಥಳೀಯ ಪದ್ಧತಿಯ ಅರಿವೂ ಬೇಕು. ಸೀರೆಯ ಸೆರಗು ಎಡಭುಜದ ಮೇಲಿರುವುದು ನಾಡಿನ ಬಹುಭಾಗದ ರೂಢಿ. ಕೊಡವ ಸ್ತ್ರೀಯರ ಸಾಂಪ್ರದಾಯಿಕ ಉಡುಗೆಯಲ್ಲಾದರೋ ನೆರಿಗೆ ಹಿಂಬದಿಗೆ ಬರುತ್ತದೆ, ಸೆರಗು ಬಲಭುಜದ ಮೇಲೆ ನಿಲ್ಲುತ್ತದೆ. ಇದನ್ನರಿಯದವನು ನೇರವಾದ ಚಿತ್ರವನ್ನು ಮಗುಚಿದ್ದೆಂದು ಸಾಧಿಸಿಬಿಡಬಹುದು. ಅಣೆಕಟ್ಟಿನ ವಿಷಯದಲ್ಲಿಯೂ ಇಂತಹ ಭ್ರಮೆಗೆ ಅವಕಾಶವಿದೆ. ನದಿಯ ಎಡದಂಡೆ, ಬಲದಂಡೆಗಳನ್ನು ಹೇಳುವುದು ನೀರು ಹರಿಯುವ ದಿಕ್ಕಿಗೆ ಮುಖಮಾಡಿ ನಿಂತವನನ್ನು ಅನುಸರಿಸಿ. ಅಣೆಕಟ್ಟಿನ ಕೆಳಭಾಗದಲ್ಲಿ ನಿಂತು ಕಟ್ಟೆಯನ್ನು ನೋಡುವವನು ಹರಿವಿಗೆ ಎದುರಾಗಿರುತ್ತಾನೆ. ಅವನಿಗೆ ಎಡದಂಡೆ ಬಲಕ್ಕೆ ಕಾಣುತ್ತದೆ. "ಎಡದಂಡೆ ಬಲಗಡೆಗೆ ಬಂದಿದೆ, ಆದ್ದರಿಂದ ಚಿತ್ರ ಸುಳ್ಳು" ಎಂಬ ವಾದ ಇಲ್ಲಿ ನಿಲ್ಲದು.

ತಿದ್ದಿದ ಕೈಯ ಗುರುತುಗಳು

ಮೇಲಿನ ವಿದ್ಯಾರ್ಥಿಯ ಚಿತ್ರವನ್ನು ಈಗ ಮೂರು ಬಗೆಯಾಗಿ ಕಲ್ಪಿಸಬಹುದು. ಮೊದಲನೆಯ ಚಿತ್ರದಲ್ಲಿ ಫಲಕದ ಬರಹ ಮಗುಚಿದೆ, ಎದೆಯ ಲಾಂಛನದ ಬರಹವೂ ಮಗುಚಿದೆ, ಜೇಬು ನೋಡುವವನ ಎಡಕ್ಕಿದೆ. ಎಲ್ಲವೂ ಒಂದೇ ನಿಯಮಕ್ಕೆ ಒಳಪಟ್ಟಿರುವುದರಿಂದ ಇಡೀ ಚಿತ್ರ ಮಗುಚಿ ಉಳಿದಿದೆ ಎಂದಷ್ಟೇ ಹೇಳಬಹುದು. ಮಗುಚಿದ ಬರಹವನ್ನು ಮುಂದಿಟ್ಟು ಸಂಶಯಪಡುವಂತಿಲ್ಲ. ಎರಡನೆಯದರಲ್ಲಿ ಜೇಬು ಎಡಕ್ಕಿದೆ, ಲಾಂಛನ ಮಗುಚಿದೆ, ಆದರೆ ಬಯಲಿನಲ್ಲಿ ನಿಂತ ಫಲಕದ ಬರಹ ಮಾತ್ರ ನೇರವಾಗಿದೆ. ನಡುವೆ ಕನ್ನಡಿಯಿಲ್ಲ, ಗಾಜಿಲ್ಲ. ಇಲ್ಲಿ ಫಲಕದ ಬರಹವನ್ನು ಬೇರೆಡೆಯಿಂದ ತಂದು ಕೂಡಿಸಿರಬಹುದೆಂಬ ಸಂಶಯಕ್ಕೆ ಬಲವಾದ ಆಧಾರವಿದೆ. ಮೂರನೆಯದರಲ್ಲಿ ಎಲ್ಲವೂ ನೇರವಾಗಿವೆ. ಅಷ್ಟರಿಂದ ಅದು ಅಸಲು ಎಂದು ಹೇಳಲಾಗದು; ಜಾಣನಾದ ಕುಶಲಿ ದಿಕ್ಕನ್ನು ಸರಿಯಾಗಿಯೇ ಇಟ್ಟಿರಬಹುದು.

ಸಂಶಯ ಹುಟ್ಟಿದ ಬಳಿಕ ಚಿತ್ರವನ್ನು ದೊಡ್ಡದು ಮಾಡಿ ನೋಡಬೇಕು. ಬಟ್ಟೆಯ ಮೇಲಿನ ಬರಹ ಬಟ್ಟೆಯ ಮಡಿಕೆಯೊಂದಿಗೆ ಮಡಿಯಬೇಕು. ಓರೆಯಾಗಿ ನಿಂತ ಫಲಕದ ಅಕ್ಷರಗಳು ದೂರದ ತುದಿಯಲ್ಲಿ ಕಿರಿದಾಗಬೇಕು. ಸುತ್ತಲಿನ ವಸ್ತುಗಳು ಮಸುಕಾಗಿರುವಲ್ಲಿ ಬರಹ ಮಾತ್ರ ಸ್ಫುಟವಾಗಿರಬಾರದು. ಬಿಸಿಲು ಒಂದು ಕಡೆಯಿಂದ ಬಂದರೆ ನೆರಳುಗಳು ಅದಕ್ಕೆ ಒಪ್ಪಬೇಕು. ಯಂತ್ರಬುದ್ಧಿಯಿಂದ ರಚಿಸಿದ ಚಿತ್ರಗಳಲ್ಲಿ ಕನ್ನಡದ ಒತ್ತಕ್ಷರಗಳೂ ಗುಣಿತಗಳೂ ವಿರೂಪಗೊಂಡಿರುವುದುಂಟು. ಆದರೆ ಆ ತಂತ್ರ ದಿನೇ ದಿನೇ ಸುಧಾರಿಸುತ್ತಿರುವುದರಿಂದ ಅಕ್ಷರ ಶುದ್ಧವಾಗಿದೆ ಎಂಬುದು ಅಸಲುತನಕ್ಕೆ ಪ್ರಮಾಣವಾಗದು.

ಮೂಲ ಕಡತವನ್ನು ಕೇಳಿ ಪಡೆಯುವುದು ಇವೆಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಚಿತ್ರದ ಕಡತದೊಳಗೆ ತೆಗೆದ ದಿನಾಂಕ, ಮೊಬೈಲಿನ ಮಾದರಿ, ಚಿತ್ರದ ದಿಕ್ಕು ಮುಂತಾದ ವಿವರಗಳು ಅಡಗಿರುತ್ತವೆ. ದಿಕ್ಕನ್ನು ಸೂಚಿಸಲು ಎಂಟು ಅಂಕಿಗಳಿದ್ದು, ಅವುಗಳಲ್ಲಿ ನಾಲ್ಕು ಮಗುಚಿದ ಚಿತ್ರಕ್ಕೆ ಮೀಸಲಾಗಿವೆ. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಈ ವಿವರಗಳು ಅಳಿದುಹೋಗುತ್ತವೆ, ಚಿತ್ರವೂ ಕುಗ್ಗುತ್ತದೆ; ದಾಖಲೆಯಾಗಿ ಕಳುಹಿಸಿದರೆ ಉಳಿಯುತ್ತವೆ. ವಿವರಗಳನ್ನೂ ಬದಲಿಸಲು ಸಾಧ್ಯವಿರುವುದರಿಂದ ಅವು ಸಹಾಯಕ ಸಾಕ್ಷಿಗಳೇ ಹೊರತು ಅಂತಿಮ ಪ್ರಮಾಣವಲ್ಲ.

ಬೇರ್ಪಡಿಸಬೇಕಾದ ಮೂರು ಪ್ರಶ್ನೆಗಳು

ಇಂತಹ ವಾದಗಳಲ್ಲಿ ಮೂರು ಪ್ರಶ್ನೆಗಳು ಕಲಸಿಹೋಗಿರುತ್ತವೆ. ಚಿತ್ರ ಮಗುಚಿದೆಯೇ ಎಂಬುದು ಮೊದಲನೆಯದು. ಚಿತ್ರದೊಳಗಿನ ಯಾವುದನ್ನಾದರೂ ಸೇರಿಸಿದ್ದಾರೆಯೇ, ಅಳಿಸಿದ್ದಾರೆಯೇ ಎಂಬುದು ಎರಡನೆಯದು. ಚಿತ್ರದ ಬಗ್ಗೆ ಹೇಳುತ್ತಿರುವ ಮಾತು ನಿಜವೇ ಎಂಬುದು ಮೂರನೆಯದು. ಒಂದಕ್ಕೆ ದೊರೆತ ಉತ್ತರ ಮತ್ತೊಂದಕ್ಕೆ ಉತ್ತರವಾಗದು. ಮಗುಚಿದ ಚಿತ್ರ ಸತ್ಯವಾಗಿರಬಹುದು. ಎಳ್ಳಷ್ಟೂ ತಿದ್ದದ ಚಿತ್ರವನ್ನಿಟ್ಟುಕೊಂಡು ಸುಳ್ಳು ಹೇಳಬಹುದು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗು ಭೀಕರ ಪ್ರವಾಹ ಮತ್ತು ಭೂಕುಸಿತಗಳನ್ನು ಕಂಡಿತು. ಆ ದಿನಗಳ ಚಿತ್ರವೊಂದನ್ನು ಮತ್ತೊಂದು ವರ್ಷದ ಮಳೆಗಾಲದಲ್ಲಿ "ಇಂದಿನ ಹಾರಂಗಿ" ಎಂದು ಹರಡಿದರೆ, ಅದರ ಒಂದೊಂದು ಅಕ್ಷರವೂ ನೇರವಾಗಿದ್ದರೂ ನದೀತೀರದ ಜನ ವ್ಯರ್ಥವಾಗಿ ತಲ್ಲಣಿಸುವರು.

ಶಾಲೆಯ ಹೊಣೆ

ವಿದ್ಯಾರ್ಥಿಯೊಬ್ಬನ ಮೇಲೆ ಚಿತ್ರವನ್ನು ಆಧರಿಸಿ ಆಪಾದನೆ ಬಂದಾಗ ಉಪಾಧ್ಯಾಯರ ನಡವಳಿಕೆ ಬಹು ಮುಖ್ಯವಾದುದು. ಹತ್ತು ಜನರ ನಡುವೆ "ಸುಳ್ಳುಗಾರ" ಎನಿಸಿಕೊಂಡ ಮಗುವಿಗೆ ಆಮೇಲೆ ಹೇಳುವ ಸಮಾಧಾನ ಹೋದ ಮಾನವನ್ನು ಪೂರ್ತಿಯಾಗಿ ತಂದುಕೊಡಲಾರದು. ಆದಕಾರಣ ಮೊದಲು ಚಿತ್ರವನ್ನು ಮುಂದೆ ಹರಡದಂತೆ ತಡೆಯಬೇಕು. ಮೂಲ ಕಡತವನ್ನು ಪಡೆಯಬೇಕು. ತೆಗೆದ ಸ್ಥಳ, ಕಾಲ, ಕ್ಯಾಮೆರಾಗಳ ವಿಷಯವನ್ನು ಮಗುವಿನಿಂದ ಏಕಾಂತದಲ್ಲಿ ಶಾಂತವಾಗಿ ಕೇಳಬೇಕು. ಜೊತೆಗಿದ್ದವರ ಮಾತನ್ನೂ ಆಲಿಸಬೇಕು. ಇಷ್ಟಾದರೂ ಉತ್ತರ ಖಚಿತವಾಗದಿದ್ದರೆ "ಇಷ್ಟು ಸಾಕ್ಷ್ಯದಿಂದ ತೀರ್ಮಾನಿಸಲಾಗದು" ಎಂದು ಹೇಳುವುದೇ ನ್ಯಾಯ. ಈ ಮಾತನ್ನು ಹೇಳುವ ಗುರುವಿನ ಗೌರವ ಕುಗ್ಗುವುದಿಲ್ಲ.

ನ್ಯಾಯಾಲಯಗಳಲ್ಲಿಯೂ ಈ ಎಚ್ಚರ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮು ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರವನ್ನು ಒದಗಿಸಬೇಕೆಂದು ವಿಧಿಸುತ್ತದೆ. ಕಡತ ಬದಲಾಗಿಲ್ಲವೆಂದು ಪರೀಕ್ಷಿಸಲು ನೆರವಾಗುವ ಹ್ಯಾಶ್ ಎಂಬ ಗಣಿತದ ಗುರುತೂ ಆ ಪ್ರಮಾಣಪತ್ರದಲ್ಲಿ ನಮೂದಾಗಬೇಕು. ವಿಷಯ ಗಂಭೀರವಾಗಿದ್ದರೆ ಮೂಲ ಮೊಬೈಲನ್ನೂ ಕಡತವನ್ನೂ ಇದ್ದಂತೆಯೇ ಕಾಪಾಡಿ ತಜ್ಞರಿಗೆ ಒಪ್ಪಿಸುವುದು ಕ್ಷೇಮ.

ವಿಜ್ಞಾನದ ಪಾಠದಲ್ಲಿ ಸಮತಲ ದರ್ಪಣವನ್ನು ಬೋಧಿಸುವ ದಿನವೇ ಇದಕ್ಕೊಂದು ಗಂಟೆ ಮೀಸಲಿಡಬಹುದು. ಒಂದು ಕನ್ನಡಿ, ಒಂದು ಪಾರದರ್ಶಕ ಹಾಳೆ, ಒಂದು ವೃತ್ತಪತ್ರಿಕೆ, ಉಪಾಧ್ಯಾಯರ ಒಂದು ಮೊಬೈಲ್ ಇಷ್ಟಿದ್ದರೆ ಪ್ರಯೋಗಗಳೆಲ್ಲವೂ ನಡೆಯುತ್ತವೆ, ಹೆಚ್ಚಿನ ವೆಚ್ಚವಿಲ್ಲ. ಪ್ರತಿ ಮಗುವೂ ತನ್ನ ತೀರ್ಪನ್ನು ಮೊದಲು ಬರೆದಿಟ್ಟು, ಪ್ರಯೋಗವಾದ ಮೇಲೆ ಕಾರಣಸಹಿತವಾಗಿ ತಿದ್ದಿ ಬರೆಯಲಿ. ಹಿಂದಿನ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವರು ಎಷ್ಟೇ ನುರಿತವರಾಗಿದ್ದರೂ ಕರಡಚ್ಚು ತೆಗೆದು ಓದದೆ ಪುಟವನ್ನು ಅಚ್ಚಿಗೆ ಬಿಡುತ್ತಿರಲಿಲ್ಲ. ಇನ್ನೊಬ್ಬರ ಚಿತ್ರದ ಬಗ್ಗೆ ತೀರ್ಪು ನೀಡುವ ಮೊದಲು ಅಷ್ಟು ತಾಳ್ಮೆಯನ್ನು ಮಕ್ಕಳು ರೂಢಿಸಿಕೊಂಡರೆ ಆ ಒಂದು ಗಂಟೆಯ ಪಾಠ ಸಾರ್ಥಕವಾಗುವುದು.